ವಿಲಿಯಂ ರಕಲ್ಸ್‌ಹೌಸ್ ಯಾರು? ಅವರನ್ನು ಈಗಲೂ ಯಾಕೆ ನೆನೆಯುತ್ತಾರೆ?

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಗೆ ಮೊದಲ ಮುಖ್ಯಸ್ಥರು ಇವರು. 1932ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದರು. ಎರಡು ವರ್ಷ ಸೇನೆಯಲ್ಲಿದ್ದು, ವಕೀಲರಾಗಿ, 1966ರಲ್ಲಿ ಇಂಡಿಯಾನಾ ಶಾಸನಸಭೆಗೆ ಗೆದ್ದರು.

1970ರಲ್ಲಿ ಇಪಿಎ ಶುರುವಾದ ಕೂಡಲೇ, ನದಿಗೆ ಕೊಳಚೆ ಬಿಡುತ್ತಿದ್ದ ದೊಡ್ಡ ನಗರಗಳಿಗೇ ನೋಟಿಸ್ ಕೊಟ್ಟರು. ಕೀಟನಾಶಕ ಡಿಡಿಟಿ ವಿಚಾರದಲ್ಲಂತೂ ತಿಂಗಳುಗಟ್ಟಲೆ ವಿಚಾರಣೆ ನಡೆಯಿತು. ನಿಷೇಧ ಬೇಡ ಎಂದು ವಿಚಾರಣಾಧಿಕಾರಿ ಹೇಳಿದರೂ, 1972ರಲ್ಲಿ ಇವರು ಅದರ ಬಹುತೇಕ ಬಳಕೆಯನ್ನು ನಿಲ್ಲಿಸಿದರು. ಅಂಥ ಒತ್ತಡದಲ್ಲಿ ಇದು ಸುಲಭದ ಮಾತಲ್ಲ.

ನನಗೆ ಇನ್ನೂ ಜಾಸ್ತಿ ಗೌರವ ಇರುವುದು 1973ರ ಅಕ್ಟೋಬರ್ 20ರ ನಡೆಗೆ. ಆಗ ಅವರು ಉಪ ಅಟಾರ್ನಿ ಜನರಲ್, ಅಂದರೆ ನ್ಯಾಯ ಇಲಾಖೆಯಲ್ಲಿ ಎರಡನೇ ಸ್ಥಾನದವರು. ನಿಕ್ಸನ್ ಸರ್ಕಾರವನ್ನೇ ಸುತ್ತಿಕೊಂಡಿದ್ದ ವಾಟರ್‌ಗೇಟ್ ಹಗರಣದ ತನಿಖೆ ನಡೆಸುತ್ತಿದ್ದ ವಿಶೇಷ ಅಭಿಯೋಜಕ ಆರ್ಚಿಬಾಲ್ಡ್ ಕಾಕ್ಸ್‌ರನ್ನು ಕಿತ್ತುಹಾಕಿ ಎಂದು ಅಧ್ಯಕ್ಷ ನಿಕ್ಸನ್ ಹೇಳಿದಾಗ ಒಪ್ಪಲಿಲ್ಲ, ಹುದ್ದೆಯನ್ನೇ ಬಿಟ್ಟರು. ಹತ್ತು ವರ್ಷದ ನಂತರ ಇಪಿಎ ಹೆಸರು ಕೆಟ್ಟಾಗ, ಆಗಿನ ಅಧ್ಯಕ್ಷ ರೇಗನ್ ಅದರ ಮುಖ್ಯಸ್ಥರಾಗಿ ಮತ್ತೆ ಕರೆದದ್ದು ಇವರನ್ನೇ. 2019ರಲ್ಲಿ ತೀರಿಕೊಂಡರು.