ಬೆನೆಟ್ ಮನೆಯಲ್ಲಿ ಅಡುಗೆ ಮಾಡುವವರು ಯಾರು?

ಜೇನ್ ಆಸ್ಟಿನ್ ಅವರ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಕಾದಂಬರಿ ಮೇಲೆ ಪ್ರಬಂಧ ಬರೆಯಬೇಕು, ವರ್ಗಭೇದ ತಗೊಳ್ಳಲಾ, ಮದುವೆಯ ಕಟ್ಟುಪಾಡು ತಗೊಳ್ಳಲಾ ಅಂತ ಕೇಳಿದ್ದೀರಿ. ಎಂ.ಎ. ಓದುವಾಗ ನಾನು ವರ್ಗಭೇದ ತಗೊಂಡೆ. ಕಥೆಯ ನಾಯಕಿ ಎಲಿಜಬೆತ್ ಬೆನೆಟ್, ನಾಯಕ ಡಾರ್ಸಿ. ನನ್ನ ಮೊದಲ ಸಾಲು: ‘ಎಲಿಜಬೆತ್ ಬಡ ಹುಡುಗಿ, ಡಾರ್ಸಿ ಶ್ರೀಮಂತ.’

ಮೇಡಂ ಆ ಸಾಲಿನ ಮೇಲೆ ಪೆನ್ಸಿಲ್ ಇಟ್ಟು ಕೇಳಿದರು: ‘ಬೆನೆಟ್ ಮನೆಯಲ್ಲಿ ಅಡುಗೆ ಮಾಡುವವರು ಯಾರು?’ ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲೇ ಇದೆ. ಊಟಕ್ಕೆ ಕೂತ ನೆಂಟ ಕಾಲಿನ್ಸ್, ಇಷ್ಟು ಚೆನ್ನಾಗಿ ಅಡುಗೆ ಮಾಡಿದ್ದು ಯಾವ ಮಗಳು ಅಂತ ಕೇಳುತ್ತಾನೆ. ಎಲಿಜಬೆತ್ ತಾಯಿಗೆ ಸಿಟ್ಟು ಬರುತ್ತದೆ. ಒಳ್ಳೆಯ ಅಡುಗೆಯವರನ್ನು ಇಟ್ಟುಕೊಳ್ಳುವಷ್ಟು ನಮಗಿದೆ, ನಮ್ಮ ಹೆಣ್ಣುಮಕ್ಕಳಿಗೆ ಅಡುಗೆಮನೆಯಲ್ಲೇನೂ ಕೆಲಸವಿಲ್ಲ ಅನ್ನುತ್ತಾಳೆ.

ಎರಡು ತಿಂಗಳ ಕೆಲಸ ಪೂರ್ತಿ ವಾಪಸ್ ಬಂತು. ನನ್ನ ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳುತ್ತೇನೆ. ಎಲಿಜಬೆತ್ ಅಪ್ಪನ ವರ್ಷದ ಆದಾಯ 2,000 ಪೌಂಡ್. ಡಾರ್ಸಿಯದು 10,000. ಅಂತರ ದೊಡ್ಡದೇ, ಆದರೆ ಇಬ್ಬರೂ ಜಮೀನಿನ ಮೇಲೆ ಬದುಕುವ ಮನೆತನದವರು. ಡಾರ್ಸಿಯನ್ನು ಮದುವೆಯಾಗಬೇಡ ಅಂತ ಅವನ ತಾಯಿಯ ಸಹೋದರಿ ಲೇಡಿ ಕ್ಯಾಥರೀನ್ ಬಂದು ಬೈದಾಗ ಎಲಿಜಬೆತ್ ಇದನ್ನೇ ಹೇಳುತ್ತಾಳೆ: ಅವನು ಜಂಟಲ್‌ಮನ್, ನಾನು ಜಂಟಲ್‌ಮನ್ ಮಗಳು, ಅಲ್ಲಿಗೆ ಸಮ. ಆ ಭಾಗ ಮೂರು ಸಲ ಓದಿದ್ದೆ. ಬೈಗುಳ ಕಂಡಿತ್ತು, ಉತ್ತರ ಕಂಡಿರಲಿಲ್ಲ. ಬೈಸಿಕೊಂಡವಳು ಬಡವಳೇ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು.

ಅವಳಿಗೆ ಬಡತನ ಬರುವುದು ಅಪ್ಪ ಸತ್ತ ಮೇಲೆ. ಆಸ್ತಿ ಗಂಡು ವಾರಸುದಾರನಿಗೇ ಹೋಗಬೇಕು ಅಂತ ಕಟ್ಟಿಹಾಕಿದ್ದಾರೆ. ಐದು ಹೆಣ್ಣುಮಕ್ಕಳಿದ್ದರೂ ಮನೆ ಕಾಲಿನ್ಸ್ ಪಾಲು. ಎಲಿಜಬೆತ್‌ಗೆ ತಾಯಿಯ ಕಾಲದ ನಂತರ 1,000 ಪೌಂಡ್, ಶೇಕಡಾ 4ರ ಬಡ್ಡಿ. ವರ್ಷಕ್ಕೆ 40 ಪೌಂಡ್! ಇದನ್ನು ಕಾಲಿನ್ಸ್ ಅವಳ ಮುಖಕ್ಕೇ ಹೇಳುತ್ತಾನೆ, ಅದೂ ನನ್ನನ್ನು ಮದುವೆಯಾಗು ಅಂತ ಕೇಳುವಾಗ.

ಇದು ವರ್ಗವಾ, ಕಟ್ಟುಪಾಡಾ? ಹೆಣ್ಣು ಅನ್ನುವ ಕಾರಣಕ್ಕೇ ಅಲ್ವಾ ಅವಳು ವರ್ಗದಿಂದ ಕೆಳಗೆ ಬೀಳುವುದು? ಎರಡರಲ್ಲಿ ಒಂದನ್ನು ಆರಿಸಲೇಬೇಡಿ. ಎಲಿಜಬೆತ್ ಬೇಡ ಅಂದ ಕಾಲಿನ್ಸ್‌ನನ್ನೇ ಮದುವೆಯಾದ ಅವಳ ಗೆಳತಿ ಶಾರ್ಲೆಟ್ ಬಗ್ಗೆ ಬರೆಯಿರಿ.

ಅವಳನ್ನು ನಾನು ‘ದುಡ್ಡಿನಾಸೆಯವಳು’ ಅಂತ ಎರಡು ಸಾಲಲ್ಲಿ ಮುಗಿಸಿದ್ದೆ. ಇವತ್ತಿಗೂ ಅದು ಚುಚ್ಚುತ್ತದೆ. ಅವಳಿಗೆ 27 ವರ್ಷ. ಕಾಲಿನ್ಸ್‌ಗೆ ಒಪ್ಪಿಗೆ ಕೊಟ್ಟಾಗ, ಇವಳು ಮದುವೆಯಾಗದೆ ಉಳಿದುಬಿಡುತ್ತಾಳೆ ಅನ್ನುವ ಭಯ ಹೋಯಿತು ಅಂತ ಅವಳ ಸಹೋದರರಿಗೆ ನಿರಾಳ. ಜೇನ್ ಆಸ್ಟಿನ್ ಕೂಡ 1802ರ ಡಿಸೆಂಬರ್‌ನಲ್ಲಿ ಆಸ್ತಿವಂತನೊಬ್ಬನಿಗೆ ಹೂಂ ಅಂದು, ಮಾರನೇ ಬೆಳಗ್ಗೆ ಬೇಡ ಅಂದವರು. ಆಗ ಅವರಿಗೆ 27 ತುಂಬಲು ಎರಡು ವಾರ ಬಾಕಿ.

ಮೊದಲು 30ನೇ ಅಧ್ಯಾಯ ತೆಗೆಯಿರಿ. ಶಾರ್ಲೆಟ್ ತಾನು ಕೂರಲು ಹಿಂದಿನ ಕೋಣೆ ಇಟ್ಟುಕೊಂಡಿದ್ದಾಳೆ. ಊಟದ ಕೋಣೆ ಅದಕ್ಕಿಂತ ಚೆನ್ನಾಗಿದೆ. ಯಾಕೆ ಹೀಗೆ ಅಂತ ಎಲಿಜಬೆತ್‌ಗೆ ಮೊದಲು ಆಶ್ಚರ್ಯ, ಆಮೇಲೆ ಅರ್ಥವಾಗುತ್ತದೆ: ಹೆಂಡತಿ ಕೂರುವ ಕೋಣೆಯೂ ಚೆನ್ನಾಗಿದ್ದರೆ ಗಂಡ ತನ್ನ ಕೋಣೆ ಬಿಟ್ಟು ಜಾಸ್ತಿ ಹೊತ್ತು ಅಲ್ಲೇ ಬಂದು ಕೂರುತ್ತಾನೆ. ನಿಮ್ಮ ಮೊದಲ ಪುಟಕ್ಕೆ ಆ ಕೋಣೆ ಸಾಕು.