ಹೊರಗಿನಿಂದ ಬೀಗ ಹಾಕಬೇಡಿ

(ಗುರುತು ಸಿಗಬಾರದು ಅಂತ ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಅಜ್ಜನನ್ನು ನನ್ನ ಹತ್ತಿರ ಆಪ್ತಸಲಹೆಗೆ ಕರೆದುಕೊಂಡು ಬಂದದ್ದು ಸೊಸೆ. "ಮಾವನವರಿಗೆ ಅರಳುಮರಳು ಶುರುವಾಗಿದೆ ಅನ್ಸುತ್ತೆ ಮೇಡಂ" ಅಂದರು. ಚಪಾತಿಯನ್ನು ಪೇಪರಿನಲ್ಲಿ ಸುತ್ತಿ ಹಾಸಿಗೆ ಕೆಳಗೆ ಇಡುತ್ತಾರೆ, ಇರುವೆ ಮುತ್ತುತ್ತೆ. ರಾತ್ರಿ ಎದ್ದು ಬಾಗಿಲು ಹಿಡಿದು ಅಲ್ಲಾಡಿಸುತ್ತಾರೆ. ಮೊನ್ನೆ ಎಬ್ಬಿಸೋಕೆ ಅಂತ ಭುಜ ಮುಟ್ಟಿದ ಮೊಮ್ಮಗನ ಕೈಯನ್ನು ತಿರುಚಿಬಿಟ್ಟರು. ಆಮೇಲೆ ನಾಚಿಕೆಯಿಂದ ಊಟವನ್ನೇ ಬಿಟ್ಟರು.

ಅಜ್ಜನಿಗೆ 75ರ ಮೇಲಾಗಿದೆ. ಹಾಸನದ ಕಡೆಯವರು, ಸೈನ್ಯದಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಬೆಂಗಳೂರಿನ ಮಗನ ಫ್ಲ್ಯಾಟಿಗೆ ಬಂದಿದ್ದರು. ತಾರೀಖು, ವಾರ, ಪಿಂಚಣಿ ಲೆಕ್ಕ ಎಲ್ಲ ಸರಿಯಾಗೇ ಹೇಳಿದರು. ಇದೆಲ್ಲ ಯಾವಾಗಿನಿಂದ ಅಂತ ಕೇಳಿದೆ. ಸೊಸೆ ಯೋಚಿಸಿ, ಎಲ್ಲಿ ದಾರಿ ತಪ್ಪಿಬಿಡುತ್ತಾರೋ ಅಂತ ನಾವು ಆಫೀಸಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕೋಕೆ ಶುರು ಮಾಡಿದ ಮೇಲೆ ಅಂದರು.

ಅಜ್ಜ ಬಾಯಿಬಿಡೋಕೆ ಕೆಲವು ಭೇಟಿಗಳೇ ಬೇಕಾದವು. 1971ರ ಯುದ್ಧ ಅಂದರೆ ನಮಗೆಲ್ಲ ನೆನಪಾಗೋದು ಢಾಕಾದಲ್ಲಿ ಶರಣಾದ ಪಾಕಿಸ್ತಾನದ 93,000 ಜನ. ಪಶ್ಚಿಮದ ಗಡಿಯಲ್ಲಿ ನಮ್ಮವರೂ ಸೆರೆಸಿಕ್ಕಿದ್ದರು, ಅದನ್ನು ಯಾರೂ ಜಾಸ್ತಿ ಮಾತಾಡೋದಿಲ್ಲ. ಜಮ್ಮು ಕಡೆಯ ಛಂಬ್‌ನಲ್ಲಿ ನಮ್ಮ ಪಡೆ ಮುನಾವರ್ ತವಿ ನದಿಯ ಈಚೆಗೆ ಹಿಂದೆ ಸರಿದಾಗ ಆಚೆ ಉಳಿದುಹೋದವರಲ್ಲಿ ಇವರೂ ಒಬ್ಬರು. ಕಣ್ಣಿಗೆ ಬಟ್ಟೆ, ಬೆನ್ನ ಹಿಂದೆ ಕಟ್ಟಿದ ಕೈ, ಲಾರಿ. ಕೊನೆಗೆ ಪಾಕಿಸ್ತಾನದ ಲಾಯಲ್‌ಪುರದಲ್ಲಿದ್ದ ಸೆರೆಯಾಳುಗಳ ಕ್ಯಾಂಪು. ಈಗ ಆ ಊರಿಗೆ ಫೈಸಲಾಬಾದ್ ಅಂತಾರೆ. ಮುಂದಿನ ಊಟ ಯಾವಾಗಲೋ ಅಂತ ಅರ್ಧ ರೊಟ್ಟಿ ಎತ್ತಿಡುತ್ತಿದ್ದರು. ಹೊರಗೆ ಬೀಗ ತೆಗೆದ ಸದ್ದಾದರೆ ಯಾರನ್ನೋ ವಿಚಾರಣೆಗೆ ಕರೆದೊಯ್ಯುತ್ತಾರೆ ಅಂತಲೇ ಅರ್ಥ. 1972ರ ಜುಲೈನಲ್ಲಿ ಶಿಮ್ಲಾ ಒಪ್ಪಂದವಾದರೂ ವಾಘಾ ದಾಟಿ ಬಂದದ್ದು ಡಿಸೆಂಬರಿನಲ್ಲಿ.

ಇಷ್ಟನ್ನು ಹೇಳುವಾಗ ದನಿ ಗಟ್ಟಿಯಾಗೇ ಇತ್ತು. ಮಾತು ತಡೆದದ್ದು ಊರಿಗೆ ಬಂದ ಮೇಲಿನ ಸಂಗತಿಗೆ. "ಕೈ ಎತ್ತಿ ಬಂದೋನು" ಅಂತ ಯಾರೋ ಟೀ ಅಂಗಡಿಯಲ್ಲಿ ಆಡಿಕೊಂಡರಂತೆ. ಅದಕ್ಕಿಂತ ಒಳಗೆ ಇನ್ನೊಂದಿತ್ತು, ಹೆಂಡತಿಗೂ ಹೇಳದ್ದು: ಹೊಡೆತ ತಾಳಲಾರದೆ ತಮ್ಮ ಯೂನಿಟ್ಟಿನ ಹೆಸರು ಹೇಳಿಬಿಟ್ಟಿದ್ದರು.

ನಾನು ಸುಮ್ನೆ "ಪರವಾಗಿಲ್ಲ ಬಿಡಿ" ಅನ್ನಲಿಲ್ಲ, ಅಂಥ ಸಮಾಧಾನ ಅವರಿಗೆ ಬೇಕಿರಲಿಲ್ಲ. ಜಿನೀವಾ ಒಪ್ಪಂದದ ಪ್ರಕಾರ ಸೆರೆಯಾಳು ಹೇಳಬೇಕಾದ್ದು ಹೆಸರು, ಹುದ್ದೆ, ನಂಬರ್, ಹುಟ್ಟಿದ ದಿನ ಅಷ್ಟೇ, ಅದಕ್ಕಿಂತ ಜಾಸ್ತಿ ಕೇಳಿ ಹೊಡೆದರೆ ತಪ್ಪು ಹೊಡೆದವನದು ಅಂದೆ. ವಾಪಸ್ ಬಂದಾಗ ನಮ್ಮ ಸೈನ್ಯದವರೂ ವಿಚಾರಿಸಿದ್ದರು. ಇವರು ಎಲ್ಲವನ್ನೂ ಹೇಳಿದ್ದರು. ಆಮೇಲೂ ಸೇವೆಯಲ್ಲಿ ಉಳಿಸಿಕೊಂಡು, ಬಡ್ತಿ ಕೊಟ್ಟು, ಪಿಂಚಣಿ ಕೊಟ್ಟರಲ್ವಾ? ಅಜ್ಜನೇ ಆಗ, ಹಿಂದೆ ಸೈನ್ಯದ ಮುಖ್ಯಸ್ಥರಾಗಿದ್ದ ಕಾರ್ಯಪ್ಪನವರ ಮಗನ ಮಾತು ತೆಗೆದರು. 1965ರಲ್ಲಿ ವಿಮಾನ ಬಿದ್ದು ಅವರೂ ಸೆರೆಯಾಗಿದ್ದರು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಬಿಡ್ತೀನಿ ಅಂದರೂ, ಸೆರೆಯಲ್ಲಿರೋ ಎಲ್ಲರೂ ನನ್ನ ಮಕ್ಕಳೇ ಅಂತ ಕಾರ್ಯಪ್ಪನವರು ಒಪ್ಪಲಿಲ್ಲ ಅನ್ನುತ್ತಾರೆ. ಆ ಮಗ ಮುಂದೆ ಏರ್ ಮಾರ್ಷಲ್ ಆದರು. "ಅವರನ್ನ ಯಾರೂ ಹೇಡಿ ಅನ್ನಲಿಲ್ಲ" ಅಂದರು ಅಜ್ಜ. ನಿಮ್ಮನ್ನು ಮಾತ್ರ ಯಾಕೆ ಅಂದುಕೊಳ್ಳಬೇಕು ಅಂತ ಕೇಳಿ ಅಲ್ಲಿಗೆ ನಿಲ್ಲಿಸಿದೆ.

ಮನೆಯವರಿಗೆ ಹೇಳಿದ್ದು: ಇವತ್ತೇ ಆ ಬೀಗ ತೆಗೀರಿ, ಬಾಗಿಲಿನ ಒಂದು ಕೀ ಅವರ ಕೈಯಲ್ಲೇ ಇರಲಿ. ದಾರಿ ತಪ್ಪುವ ಭಯವಿದ್ದರೆ ಜೇಬಿನಲ್ಲಿ ವಿಳಾಸದ ಚೀಟಿ ಇಡಿ. ಚಪಾತಿ ಕಿತ್ತುಕೊಳ್ಳಬೇಡಿ, ಮಂಚದ ಪಕ್ಕ ಮುಚ್ಚಳ ಇರುವ ಒಂದು ಡಬ್ಬಿ ಕೊಡಿ, ದಿನಾ ಹೊಸದು ತುಂಬಿ. ಎಬ್ಬಿಸುವಾಗ ಮುಟ್ಟಬೇಡಿ, ಕಾಲ ಕಡೆ ನಿಂತು ದೂರದಿಂದಲೇ ಕೂಗಿ. ಮೊಮ್ಮಗನಿಗೆ ಅಜ್ಜನ ಮೇಲೆ ಭಯ ಉಳಿಯದ ಹಾಗೆ ನಡೆದದ್ದನ್ನು ಅವನ ವಯಸ್ಸಿಗೆ ತಕ್ಕಷ್ಟು ತಿಳಿಸಿ. "ಕಥೆ ಹೇಳಿ ತಾತ" ಅಂತ ಮೊಬೈಲ್ ಹಿಡಿದು ರೆಕಾರ್ಡ್ ಮಾಡೋದಂತೂ ಬೇಡವೇ ಬೇಡ. ಮರೆವಿನ ಪರೀಕ್ಷೆ ಆಗಲಿ ಅಂತ ಮನೋವೈದ್ಯರ ಹತ್ತಿರವೂ ಕಳಿಸಿದೆ. ಮರೆವಿನ ಕಾಯಿಲೆ ಇಲ್ಲ ಅಂದರು, ನಿದ್ದೆಗೆ ಸಣ್ಣ ಔಷಧಿ ಕೊಟ್ಟರು. ಮಧ್ಯರಾತ್ರಿ ಕೈಮೀರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ ಅಂತಲೂ ಹೇಳಿದ್ದೇನೆ.

ಬಾಗಿಲು ಅಲ್ಲಾಡಿಸೋದು ನಿಂತಿದೆ. ಕೆಟ್ಟ ಕನಸು ಇನ್ನೂ ಬೀಳುತ್ತೆ. ಆಗಸ್ಟ್ 15ಕ್ಕೆ ಅಪಾರ್ಟ್‌ಮೆಂಟಿನವರು ಶಾಲು ಹೊದಿಸಿ ಸನ್ಮಾನ ಮಾಡ್ತೀವಿ ಅಂದಿದ್ದಾರೆ, ಮಗನಿಗೆ ತುಂಬಾ ಆಸೆ. ನನ್ನನ್ನು ಕೇಳಿದರು. ಅಜ್ಜನನ್ನೇ ಕೇಳಿ, ಬೇಡ ಅಂದರೆ ಎರಡನೇ ಸಲ ಕೇಳಬೇಡಿ ಅಂದೆ.