ಹೂಳೆತ್ತಿದಿರಿ, ತೂಬು ಎತ್ತುವವರು ಯಾರು?

(ಮುಳಬಾಗಿಲು ತಾಲ್ಲೂಕಿನ ಓದುಗರೊಬ್ಬರ ಪತ್ರ: "ಊರವರೇ ಚಂದಾ ಎತ್ತಿ ಕೆರೆ ಹೂಳು ತೆಗೆಸಿದೆವು. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹರಿಯುವ ಕೋಡಿಗೆ ಒಂದು ಸಾಲು ಕಲ್ಲು ಏರಿಸಿದೆವು. ಕೆರೆ ತುಂಬಿತು. ಮರುವರ್ಷವೇ ನೀರಿಗೆ ಜಗಳವಾಗಿ ಸಂಘಕ್ಕೆ ಬೀಗ ಬಿತ್ತು. ಸಹಭಾಗಿತ್ವ ಅನ್ನೋದು ಬರೀ ಭಾಷಣದ ಮಾತಲ್ಲವೇ? ಖರ್ಚಿನ ಪಟ್ಟಿ ಲಗತ್ತಿಸಿದ್ದೇನೆ.")

ಮಾನ್ಯರೇ,

ಪಟ್ಟಿ ನೋಡಿದೆ. ಜೆಸಿಬಿ ಬಾಡಿಗೆ, ಡೀಸೆಲ್, ಟ್ರ್ಯಾಕ್ಟರ್ ಲೋಡು, ಕೊನೆಗೆ ಪೂಜೆಯ ತೆಂಗಿನಕಾಯಿವರೆಗೆ ಲೆಕ್ಕ ಇಟ್ಟಿದ್ದೀರಿ. ನೀರು ಬಿಡುವವನ ಕೂಲಿ ಮಾತ್ರ ಎಲ್ಲೂ ಕಾಣಲಿಲ್ಲ.

ನಿಮ್ಮ ಸೀಮೆಯ ಹಿರಿಯರಿಗೆ ನೀರುಗಂಟಿ, ಅಂದರೆ ಕೆರೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುತ್ತಿದ್ದವನು, ನೆನಪಿರುತ್ತಾನೆ. ಎರಡು ಕಲ್ಲುಕಂಬಗಳ ನಡುವೆ ತೂಬು, ಅಂದರೆ ಕೆರೆಯ ನೀರು ಕಾಲುವೆಗೆ ಬಿಡುವ ಕಿಂಡಿ; ಅದಕ್ಕೊಂದು ಮರದ ಬಿರಡೆ. ಅದನ್ನು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದು ಅವನ ಕೈಲಿತ್ತು. ಗದ್ದೆಯವನು ತಾನೇ ಮಡೆ ತಿರುಗಿಸಿಕೊಳ್ಳುವಂತಿರಲಿಲ್ಲ. ಸುಗ್ಗಿಯಲ್ಲಿ ನೀರುಗಂಟಿ ಕಣಕ್ಕೆ ಬಂದು ತನ್ನ ಪಾಲಿನ ಕಾಳು ಅಳೆಸಿಕೊಂಡು ಹೋಗುತ್ತಿದ್ದ. ಬಹಳ ಊರುಗಳಲ್ಲಿ ಆತ ದಲಿತ; ಗೌಡರ ಗದ್ದೆಗೂ ಆತ ಹೇಳಿದ ಸರದಿಯೇ ಎನ್ನುತ್ತಾರೆ. (ಯಾವಾಗಲೂ ಹಾಗೇ ನಡೆಯಿತೆಂದು ನಂಬುವಷ್ಟು ಮುಗ್ಧ ನಾನಲ್ಲ.) 1961ರ ಕಾಯ್ದೆ ನೀರುಗಂಟಿಯದೂ ಸೇರಿ ಹಳ್ಳಿಗಳ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡಿತು. ಆಗಬೇಕಾದ ಕೆಲಸವೇ. ಆದರೆ ಚಾಕರಿ ಹೋದ ಮೇಲೂ ಕೆಲಸ ಉಳಿದಿರುತ್ತದಲ್ಲ, ಅದಕ್ಕೆ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳುವುದು ಹೆಚ್ಚಿನ ಊರುಗಳಿಗೆ ತೋಚಲಿಲ್ಲ.

ಅಷ್ಟರಲ್ಲಿ ಬೋರ್‌ವೆಲ್ ಬಂತು. ಬೋರ್ ಇದ್ದವರಿಗೆ ತೂಬು ಮುಚ್ಚಿರಲಿ, ನೀರು ಇಂಗಲಿ ಎಂಬ ಆಸೆ. ಇಲ್ಲದವರಿಗೆ ತೂಬು ಎತ್ತಲಿ, ಕಾಲುವೆ ಹರಿಯಲಿ ಎಂಬ ಆಸೆ. ಇಬ್ಬರೂ ಚಂದಾ ಕೊಟ್ಟವರೇ. ನಿಮ್ಮ ಜಗಳದ ಬೇರು ಇಲ್ಲೇ ಇರಬೇಕು.

ನೀರು ಬಂದ ಮೇಲೆಯೇ ಪಂಚಾಯ್ತಿ ಶುರುವಾಗುವುದು ನಿಮ್ಮೂರಿನ ಕಥೆ ಮಾತ್ರವಲ್ಲ. ರಾಜಸ್ಥಾನದ ಅಲ್ವರ್ ಜಿಲ್ಲೆಯಲ್ಲಿ ರಾಜೇಂದ್ರ ಸಿಂಗ್ ಅವರ ತರುಣ್ ಭಾರತ್ ಸಂಘದ ಜೊತೆ ಹಳ್ಳಿಗರು 1980ರ ದಶಕದಿಂದ ಜೋಹಡ್‌ಗಳನ್ನು, ಅಂದರೆ ಮಣ್ಣಿನ ಏರಿಯ ಕಟ್ಟೆಗಳನ್ನು, ಕಟ್ಟುತ್ತ ಬಂದರು. ಬತ್ತಿದ್ದ ಅರ್ವರಿ ನದಿ ಮತ್ತೆ ಹರಿಯಿತು. ಹರಿದದ್ದೇ ತಡ, ಸರ್ಕಾರ ಅದರಲ್ಲಿ ಮೀನು ಹಿಡಿಯಲು ಹೊರಗಿನವರಿಗೆ ಗುತ್ತಿಗೆ ಕೊಟ್ಟಿತು! ಊರವರು ತಿರುಗಿಬಿದ್ದರು. ಆಮೇಲೆ 72 ಹಳ್ಳಿಗಳು ಸೇರಿ 'ಅರ್ವರಿ ಸಂಸತ್ತು' ಮಾಡಿಕೊಂಡವು. ಕಬ್ಬು, ಭತ್ತದಂಥ ನೀರು ಕುಡಿಯುವ ಬೆಳೆ ಬೇಡ ಎಂಬ ಕಟ್ಟುಪಾಡು ಅಲ್ಲಿ ಬಂತು. ಕಟ್ಟೆ ಹಾಕಲು ಸೇರಿದವರು, ಬೆಳೆ ಬಿಡಲೂ ಸೇರಬೇಕಾಯಿತು.

ಇನ್ನು ಆ ಕೋಡಿಯ ವಿಷಯ. ಒಂದು ಸಾಲು ಸೈಜುಗಲ್ಲು ಏರಿಸಿದ್ದನ್ನು ಹೆಮ್ಮೆಯಿಂದಲೇ ಬರೆದಿದ್ದೀರಿ. ನಿಮ್ಮ ಜಿಲ್ಲೆಯ ಕೆರೆಗಳು ಸರಪಳಿ ಕೆರೆಗಳು. ನಿಮ್ಮ ಕೋಡಿ ಬಿದ್ದರೆ ಕೆಳಗಿನೂರಿನ ಕೆರೆಗೆ ನೀರು. ಒಂದಡಿ ಕಲ್ಲು ಏರಿದರೆ, ಮಳೆ ಕಮ್ಮಿಯಾದ ವರ್ಷ ಅವರಿಗೆ ಬರುವುದು ಕೆಸರು. ಕಲ್ಲು ಏರಿಸುವ ಮುಂಚೆ ಅವರನ್ನು ಒಂದು ಮಾತು ಕೇಳಿದಿರಾ?

ಸಂಘದ ಬೀಗ ತೆಗೆಯಿರಿ. ಮುಂಗಾರಿಗೆ ಮೊದಲೇ ಸಭೆ ಕರೆದು, ಕೆರೆ ಅರ್ಧವೇ ತುಂಬಿದರೆ ಎಷ್ಟು ಎಕರೆಗೆ ರಾಗಿ, ಯಾರಿಗೆ ಭತ್ತ ಇಲ್ಲ ಎಂದು ಬರೆದು ಸಹಿ ಹಾಕಿಸಿ. ಒಬ್ಬ ನೀರುಗಂಟಿಗೆ ತಿಂಗಳ ಸಂಬಳ ಗೊತ್ತುಮಾಡಿ. ಸಭೆಗೆ ಕೆಳಗಿನೂರಿನ ಇಬ್ಬರನ್ನೂ ಕರೆಯಿರಿ. ಆ ಕಲ್ಲಿನ ಸಾಲು ಇರಬೇಕೋ ಇಳಿಯಬೇಕೋ ಅವರೆದುರಿಗೇ ತೀರ್ಮಾನವಾಗಲಿ. ಏನಾಯಿತೆಂದು ಬರೆಯಿರಿ, ಜಗಳವಾದರೂ ಸರಿ.

– ಸಂಪಾದಕ